ಭೂಗೋಳದ ಪದಗಳ ಪೆಟ್ಟಿಗೆ: ಹನ್ನೊಂದು ವಾರದ ದಿನಚರಿ

ವಾರ 1

ಅಕ್ಕನ ಮಗಳು ಎಂಟನೇ ತರಗತಿ. ಭೂಗೋಳದ ಪಾಠ ಓದಿದರೆ ಅರ್ಥವಾಗುತ್ತದಂತೆ, ಪದಗಳು ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲವಂತೆ. "ಕಾರ್ಡ್ ಮಾಡಿಕೊಡ್ತೀನಿ ಬಿಡು" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಎರಡು ಭಾನುವಾರದ ಕೆಲಸ ಎಂದುಕೊಂಡಿದ್ದೆ.

ಒಂದು ಕಡೆ ಪದ, ಹಿಂದೆ ಅರ್ಥ. ಪ್ರಾಕೃತಿಕ ಭೂಗೋಳದ್ದು 88, ಮಾನವ ಭೂಗೋಳದ್ದು 54. ಒಟ್ಟು 142 ಕಾರ್ಡ್. ಅಕ್ಷರ ಚೆನ್ನಾಗಿ ಬಂದಿದೆ ಎಂದು ನನಗೇ ಖುಷಿ.

ವಾರ 2

ಖುಷಿ ಇಳಿಯಿತು.

ಹುಡುಗಿ ಕಾರ್ಡ್‌ಗಳನ್ನು ಮೂರೇ ದಿನದಲ್ಲಿ ಬಾಯಿಪಾಠ ಮಾಡಿದ್ದಳು. "ಮೂರು ಕಡೆ ನೀರು, ಒಂದು ಕಡೆ ನೆಲ ಇರುವ ಭೂಭಾಗವೇ ಪರ್ಯಾಯ ದ್ವೀಪ." ಸರಿ. ಹೆಸರುಗಳಿಲ್ಲದ ಪ್ರಪಂಚದ ನಕ್ಷೆ ಮುಂದಿಟ್ಟು, ಒಂದು ಪರ್ಯಾಯ ದ್ವೀಪ ತೋರಿಸು ಎಂದೆ. ಇಟಲಿಯನ್ನೋ ಕೊರಿಯಾವನ್ನೋ ತೋರಿಸುತ್ತಾಳೆ ಎಂದು ಕಾದೆ. ಅವಳು ಆಫ್ರಿಕಾದ ನೈಋತ್ಯ ತುದಿಯ ಬಳಿ ಇರುವ ಗುಡ್‌ಹೋಪ್ ಭೂಶಿರದ ಮೇಲೆ ಬೆರಳಿಟ್ಟಳು.

"ಅದು ಭೂಶಿರ."

"ಇದಕ್ಕೂ ಮೂರು ಕಡೆ ನೀರಿದೆಯಲ್ಲ ಮಾಮ?"

ಇದೆ. ನನ್ನ ಕಾರ್ಡ್‌ನಲ್ಲಿ ಬರೆದದ್ದನ್ನೇ ನಂಬಿದರೆ ಅವಳ ಉತ್ತರ ತಪ್ಪಲ್ಲ. ಭೂಶಿರ ಎಂದರೆ ನೆಲ ಸಮುದ್ರದೊಳಗೆ ಚಾಚಿದ ಮೊನೆ. ಪರ್ಯಾಯ ದ್ವೀಪ ಎಂದರೆ ಹಾಗೆ ಚಾಚಿದ ಇಡೀ ತೋಳು. ಒಂದು ಪರ್ಯಾಯ ದ್ವೀಪಕ್ಕೆ ಹತ್ತಾರು ಭೂಶಿರಗಳಿರಬಹುದು. ಇದನ್ನು ಕಾರ್ಡ್ ಹೇಳಲೇ ಇಲ್ಲ. ಒಂದು ಪದ ಎಲ್ಲಿ ಮುಗಿದು ಪಕ್ಕದ ಪದ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗದಿದ್ದರೆ ಅದು ಅರ್ಥವಲ್ಲ, ಬರೀ ಮಂತ್ರ.

ಹೊಸ ನಿಯಮ: ಯಾವ ಪದಕ್ಕೂ ಒಂಟಿ ಕಾರ್ಡ್ ಇಲ್ಲ. ಗೊಂದಲ ಮಾಡುವ ಪಕ್ಕದ ಪದವೂ ಅದೇ ಕಾರ್ಡ್‌ನಲ್ಲಿರಬೇಕು, ನಡುವೆ ಒಂದೇ ಸಾಲಿನಲ್ಲಿ ವ್ಯತ್ಯಾಸ. 142 ಕಾರ್ಡ್ ರದ್ದಿಗೆ.

ವಾರ 3

ಕೆಲವು ಜೋಡಿಗಳು ತಾವಾಗಿ ಬಂದು ಕುಳಿತವು. ಜಲಸಂಧಿ ಮತ್ತು ಭೂಸಂಧಿ: ಎರಡು ನೆಲಗಳ ನಡುವೆ ತೂರಿ ಎರಡು ಸಮುದ್ರಗಳನ್ನು ಸೇರಿಸುವ ಇಕ್ಕಟ್ಟಾದ ನೀರು, ಎರಡು ನೀರುಗಳ ನಡುವೆ ನಿಂತು ಎರಡು ನೆಲಗಳನ್ನು ಸೇರಿಸುವ ಇಕ್ಕಟ್ಟಾದ ನೆಲ. ಜಿಬ್ರಾಲ್ಟರ್ ಜಲಸಂಧಿ ತೀರಾ ಕಿರಿದಾದ ಕಡೆ ಸುಮಾರು 14 ಕಿ.ಮೀ. ಭೂಸಂಧಿಗೆ ಪನಾಮ ಮತ್ತು ಸೂಯೆಜ್. ಎರಡನ್ನೂ ಮನುಷ್ಯ ಕಡಿದು ಕಾಲುವೆ ಮಾಡಿದ, ಸೂಯೆಜ್ 1869ರಲ್ಲಿ ತೆರೆಯಿತು, ಪನಾಮ 1914ರಲ್ಲಿ. ಉಪನದಿ ಬಂದು ಸೇರುತ್ತದೆ, ಕವಲು ನದಿ ಒಡೆದು ಹೋಗುತ್ತದೆ. ಇವೆಲ್ಲ ಅರ್ಧ ಗಂಟೆಯ ಕೆಲಸ.

ಇಡೀ ಒಂದು ಸಂಜೆ ತಿಂದದ್ದು ಹವಾಮಾನ ಮತ್ತು ವಾಯುಗುಣ. ಪಠ್ಯದಲ್ಲಿ ಸ್ಪಷ್ಟವಾಗಿದೆ: ಹವಾಮಾನ ಎಂದರೆ ಈ ಹೊತ್ತಿನ, ಈ ದಿನದ ಸ್ಥಿತಿ. ವಾಯುಗುಣ ಎಂದರೆ ಅದರ ದೀರ್ಘಕಾಲದ ಸರಾಸರಿ, ಸಾಮಾನ್ಯವಾಗಿ 30 ವರ್ಷದ್ದು. ಆದರೆ ಪತ್ರಿಕೆ ತೆರೆದರೆ "ಹವಾಮಾನ ಬದಲಾವಣೆ" ಎಂದಿರುತ್ತದೆ, ಅವರು ಹೇಳುತ್ತಿರುವುದು ವಾಯುಗುಣದ ಬಗ್ಗೆ! ಶಾಲೆಯಲ್ಲಿ ಒಂದು, ಪತ್ರಿಕೆಯಲ್ಲಿ ಇನ್ನೊಂದು. ಮಕ್ಕಳು ಗೊಂದಲವಾಗದೆ ಇನ್ನೇನಾಗುತ್ತಾರೆ? ಈಗ ಪತ್ರಿಕೆಯವರನ್ನು ತಿದ್ದುವುದು ನನ್ನ ಕೈಲಾಗದು. ಕಾರ್ಡ್‌ನ ಮೂಲೆಯಲ್ಲಿ ಸಣ್ಣದಾಗಿ ಎಚ್ಚರಿಕೆ ಬರೆದಿದ್ದೇನೆ.

ಉದಾಹರಣೆಗೆ ಸೈಬೀರಿಯಾದ ವೆರ್ಖೊಯಾನ್ಸ್ಕ್ ಆರಿಸಿದೆ. 1892ರ ಫೆಬ್ರವರಿಯಲ್ಲಿ ಅಲ್ಲಿ ಉಷ್ಣಾಂಶ ಮೈನಸ್ 67.8 ಡಿಗ್ರಿಗೆ ಇಳಿದಿತ್ತು. 2020ರ ಜೂನ್ 20ರಂದು 38 ಡಿಗ್ರಿಗೆ ಏರಿತು. ಎರಡೂ ಹವಾಮಾನದ ದಾಖಲೆಗಳೇ. "ಅಲ್ಲಿ ಚಳಿಗಾಲ ವಿಪರೀತ ಚಳಿ, ಬೇಸಿಗೆ ಚಿಕ್ಕದು" ಎಂದರೆ ಮಾತ್ರ ಅದು ವಾಯುಗುಣ. ಒಂದು ದಿನ 38 ಮುಟ್ಟಿದ್ದಕ್ಕೆ ಅದು ಬಿಸಿ ಊರಾಗಲಿಲ್ಲ.

ವಾರ 4, 5

ಶಿಥಿಲೀಕರಣ, ಸವೆತ, ಸಂಚಯನ. ಇದು ಜೋಡಿಯಲ್ಲ, ತ್ರಿವಳಿ. ಬಂಡೆ ಇದ್ದಲ್ಲೇ ಸಡಿಲವಾಗಿ ಒಡೆಯುವುದು ಶಿಥಿಲೀಕರಣ. ನೀರೋ ಗಾಳಿಯೋ ಮಂಜುಗಡ್ಡೆಯೋ ಆ ಪುಡಿಯನ್ನು ಕಿತ್ತು ಒಯ್ಯುವುದು ಸವೆತ. ಒಯ್ಯುವ ಕಸುವು ಮುಗಿದಾಗ ಇಳಿಸಿಬಿಡುವುದು ಸಂಚಯನ. ಬರೆದೆ, ಓದಿಸಿದೆ, ತಲೆಯಾಡಿಸಿದಳು. ತಲೆಯಾಡಿಸಿದ ರೀತಿ ನೋಡಿಯೇ ಗೊತ್ತಾಯಿತು, ಅರ್ಥವಾಗಿಲ್ಲ.

ಹಾಗಾಗಿ ನದಿ ತಟ್ಟೆ ಮಾಡಲು ಹೊರಟೆ. ಎರಡು ಅಡಿ ಉದ್ದದ ಪ್ಲಾಸ್ಟಿಕ್ ಟ್ರೇ, ಒಂದು ತುದಿಗೆ ಇಟ್ಟಿಗೆ ಕೊಟ್ಟು ಎತ್ತರ, ಇನ್ನೊಂದು ತುದಿಯಲ್ಲಿ ತೂತು. ಮೇಲ್ಗಡೆ ಮರಳು ಹರಡಿ ಸಣ್ಣ ಪೈಪಿನಿಂದ ನೀರು ಬಿಟ್ಟೆ. ಮೊದಲ ಸಲ ನೀರು ಜಾಸ್ತಿಯಾಗಿ ಮರಳೆಲ್ಲ ಒಂದೇ ಏಟಿಗೆ ಕೆಳಗೆ ಜಾರಿತು, ನದಿಯ ಬದಲು ಭೂಕುಸಿತ. ಎರಡನೇ ಸಲ ತೂತು ಕಟ್ಟಿಕೊಂಡು ನೆಲವೆಲ್ಲ ಕೆಸರು. ಅದನ್ನು ಒರೆಸಿದ್ದು ನಾನೇ, ಬೇರೆ ಯಾರೂ ಸಹಾಯಕ್ಕೆ ಬರಲಿಲ್ಲ.

ಮೂರನೇ ಸಲ ದಪ್ಪ ಮರಳು, ಸಣ್ಣ ಮರಳು, ಜೇಡಿಮಣ್ಣು ಬೆರೆಸಿದೆ. ಇಳಿಜಾರು ಕಡಿಮೆ ಮಾಡಿದೆ. ನೀರು ಹನಿಹನಿಯಾಗಿ ಬಿಟ್ಟೆ. ಈ ಸಲ ಬಂತು. ಹತ್ತು ನಿಮಿಷಕ್ಕೆ ನೇರವಾಗಿದ್ದ ಗೆರೆ ಬಳುಕತೊಡಗಿತು. ತಿರುವಿನ ಹೊರ ಅಂಚಿನಲ್ಲಿ ನೀರು ಜೋರು, ಅಲ್ಲಿ ದಡ ಕೊರೆಯುತ್ತದೆ. ಒಳ ಅಂಚಿನಲ್ಲಿ ನಿಧಾನ, ಅಲ್ಲಿ ಮರಳು ಬೀಳುತ್ತದೆ. ಸವೆತ, ಸಂಚಯನ ಎರಡೂ ಒಂದೇ ತಿರುವಿನಲ್ಲಿ, ಎರಡು ಬೆರಳಿನ ಅಂತರದಲ್ಲಿ! ಬಳುಕು ಜಾಸ್ತಿಯಾದರೆ ನದಿ ಒಂದು ದಿನ ಅಡ್ಡದಾರಿ ಹಿಡಿದು ನೇರ ಹೋಗುತ್ತದೆ, ಬಿಟ್ಟುಹೋದ ತಿರುವು ಕುದುರೆ ಲಾಳದ ಆಕಾರದ ಸರೋವರವಾಗುತ್ತದೆ. ನನ್ನ ಟ್ರೇಯಲ್ಲಿ ಅಷ್ಟು ದೂರ ಹೋಗಲಿಲ್ಲ.

ಕೆಳಗಡೆ ನಿಂತ ನೀರಿನಲ್ಲಿ ಬೀಸಣಿಗೆ ಆಕಾರದ ಗುಪ್ಪೆ ಬೆಳೆಯಿತು. ದಪ್ಪ ಮರಳು ಮೊದಲು ಕುಳಿತಿತ್ತು, ಸಣ್ಣದು ಅದರಾಚೆ, ಜೇಡಿ ಇನ್ನೂ ನೀರಿನಲ್ಲೇ ತೇಲುತ್ತಿತ್ತು. "ಇದೇ ನದಿ ಮುಖಜ ಭೂಮಿನಾ?" ಎಂದಳು. ಹೌದು. ನೈಲ್ ನದಿಯ ಬಾಯಲ್ಲಿ ಹೀಗೆಯೇ ಮುಕ್ಕೋನವಾಗಿ ಹರಡಿದ ನೆಲಕ್ಕೆ ಗ್ರೀಕರು ತಮ್ಮ ಡೆಲ್ಟಾ ಅಕ್ಷರದ ಹೆಸರಿಟ್ಟರು.

ಆಮೇಲೆ ಅವಳೇ ಕೈಯಿಂದ ನಿಂತ ನೀರನ್ನು ಹಿಂದೆ ಮುಂದೆ ತಳ್ಳಿ ಅಲೆ ಎಬ್ಬಿಸಿದಳು. ಗುಪ್ಪೆ ಕರಗಿಹೋಯಿತು. ಬೈಯಲು ಬಾಯಿ ತೆರೆದವನು ಸುಮ್ನೆ ಆದೆ. ಅಳಿವೆಗೂ (ಸಮುದ್ರ ಸೇರುವಲ್ಲಿ ಅಗಲವಾಗಿ ತೆರೆದ ನದಿಯ ಬಾಯಿ) ಮುಖಜ ಭೂಮಿಗೂ ಇರುವ ವ್ಯತ್ಯಾಸವನ್ನೇ ಅವಳು ತೋರಿಸಿದ್ದಳು. ನದಿ ತಂದು ಸುರಿಯುವುದು ಹೆಚ್ಚೋ, ಉಬ್ಬರವಿಳಿತ ಮತ್ತು ಅಲೆಗಳು ಗುಡಿಸಿಕೊಂಡು ಹೋಗುವುದು ಹೆಚ್ಚೋ? ಮೊದಲನೆಯದು ಗೆದ್ದರೆ ನೈಲ್ ಮುಖಜ ಭೂಮಿಯಂಥದ್ದು, ಎರಡನೆಯದು ಗೆದ್ದರೆ ಥೇಮ್ಸ್ ಅಳಿವೆಯಂಥದ್ದು.

ವಾರ 6

ಆಫೀಸ್ ಕೆಲಸ. ಒಂದೂ ಕಾರ್ಡ್ ಇಲ್ಲ.

ವಾರ 7

ಸಮೋನ್ನತಿ ರೇಖೆಗಳು. ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಸೇರಿಸುವ ಗೆರೆ. ಇದನ್ನು ಮಾತಿನಲ್ಲಿ ವಿವರಿಸುವ ಪ್ರಯತ್ನವನ್ನೇ ಮಾಡಲಿಲ್ಲ, ವಾರ 4ರಲ್ಲಿ ಬುದ್ಧಿ ಬಂದಿತ್ತು.

ಮಕ್ಕಳು ಆಡುವ ಎಣ್ಣೆ ಜೇಡಿಯಲ್ಲಿ ಎರಡು ತುದಿಯ ಗುಡ್ಡ ಮಾಡಿ ಪಾರದರ್ಶಕ ಡಬ್ಬಿಯಲ್ಲಿಟ್ಟೆ. (ಮೊದಲು ಸಾದಾ ಜೇಡಿಮಣ್ಣಿನಲ್ಲಿ ಮಾಡಿದ್ದೆ. ನೀರು ಹಾಕಿದ ಮೇಲೆ ಗುಡ್ಡ ಪ್ರಸ್ಥಭೂಮಿಯಾಯಿತು.) ಒಂದು ಸೆಂ.ಮೀ. ನೀರು ಹಾಕುವುದು, ನೀರು ಮುಟ್ಟಿದ ಅಂಚಿನ ಉದ್ದಕ್ಕೂ ಸೂಜಿಯಿಂದ ಗೀರುವುದು, ಇನ್ನೊಂದು ಸೆಂ.ಮೀ. ಹಾಕುವುದು. ಆರು ಸಲ. ನೀರು ಚೆಲ್ಲಿ, ಮೇಲೆ ಗಾಜಿಟ್ಟು, ನೇರ ಮೇಲಿನಿಂದ ನೋಡುತ್ತಾ ಗೀರುಗಳನ್ನು ಗಾಜಿನ ಮೇಲೆ ಪೆನ್ನಿನಿಂದ ಎಳೆದೆವು. ಗಾಜನ್ನು ಎತ್ತಿ ಬಿಳಿ ಹಾಳೆಯ ಮೇಲಿಟ್ಟರೆ ನಕ್ಷೆ ರೆಡಿ. ಕಡಿದಾದ ಬದಿಯಲ್ಲಿ ಗೆರೆಗಳು ಒತ್ತೊತ್ತಾಗಿ, ಇಳಿಜಾರು ಕಡಿಮೆ ಇದ್ದಲ್ಲಿ ದೂರದೂರ. ಎರಡು ತುದಿಗಳು ಎರಡು ಪುಟ್ಟ ಉಂಗುರ, ನಡುವಿನ ತಗ್ಗು ಕುದುರೆ ತಡಿಯ ಹಾಗೆ. ಗೆರೆಗಳು ಒಂದನ್ನೊಂದು ಯಾಕೆ ದಾಟುವುದಿಲ್ಲ ಎಂದು ಅವಳು ಕೇಳಲೇ ಇಲ್ಲ. ನೀರಿನ ಮಟ್ಟವನ್ನು ಕಣ್ಣಾರೆ ನೋಡಿದ್ದಳಲ್ಲ.

1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟವನ್ನು ಅಳೆದರು. ಬೆಟ್ಟ ತೂಗುಗುಂಡನ್ನು ತನ್ನ ಕಡೆ ಎಷ್ಟು ಎಳೆಯುತ್ತದೆ ಎಂದು ನೋಡಿ ಭೂಮಿಯ ಸಾಂದ್ರತೆ ತಿಳಿಯುವುದು ಉದ್ದೇಶ. ಸಾವಿರಾರು ಅಳತೆಗಳ ರಾಶಿಯಿಂದ ಬೆಟ್ಟದ ಆಕಾರ ಹಿಡಿಯಲು ಗಣಿತಜ್ಞ ಚಾರ್ಲ್ಸ್ ಹಟನ್ ಸಮಾನ ಎತ್ತರದ ಬಿಂದುಗಳನ್ನು ಗೆರೆಯಿಂದ ಸೇರಿಸಿದ. ಭೂಮಿಯನ್ನು ತೂಗಲು ಹೊರಟವರ ಕೈಯಲ್ಲಿ ಈ ಗೆರೆಗಳು. ನನಗೆ ಇಂಥ ಕತೆ ಇಷ್ಟ, ಕಾರ್ಡ್‌ನಲ್ಲಿ ಜಾಗ ಸಾಲಲಿಲ್ಲ.

ವಾರ 8

ಗೋಳ ಮತ್ತು ನಕ್ಷೆ. ಅಕ್ಷಾಂಶ, ರೇಖಾಂಶ ಬೇಗ ಮುಗಿದವು. ಒಂದು ಡಿಗ್ರಿ ಅಕ್ಷಾಂಶ ಎಲ್ಲಿ ಹೋದರೂ ಹೆಚ್ಚುಕಡಿಮೆ 111 ಕಿ.ಮೀ. ಒಂದು ಡಿಗ್ರಿ ರೇಖಾಂಶ ಸಮಭಾಜಕ ವೃತ್ತದಲ್ಲಿ ಅಷ್ಟೇ ಇದ್ದು, 60 ಡಿಗ್ರಿ ಅಕ್ಷಾಂಶಕ್ಕೆ ಬಂದಾಗ ಅರ್ಧವಾಗಿ, ಧ್ರುವದಲ್ಲಿ ಸೊನ್ನೆ.

ಮನೆಯಲ್ಲಿದ್ದ 30 ಸೆಂ.ಮೀ. ಗ್ಲೋಬ್ ಮೇಲೆ ಲೆಕ್ಕ ಹಾಕಿದೆವು. 8,848 ಮೀಟರ್ ಎವರೆಸ್ಟ್ ಅದರ ಮೇಲೆ ಎಷ್ಟು ಎತ್ತರ ಬರಬೇಕು? 0.2 ಮಿ.ಮೀ. ಅಂಗಡಿಯ ಗ್ಲೋಬ್‌ಗಳಲ್ಲಿ ಉಬ್ಬಿಕೊಂಡಿರುವ ಪರ್ವತಗಳೆಲ್ಲ ಸುಳ್ಳು ಎತ್ತರ! ಧ್ರುವಗಳಲ್ಲಿ ಭೂಮಿ ಚಪ್ಪಟೆ ಎನ್ನುತ್ತಾರಲ್ಲ, ಅದೂ ಈ ಗ್ಲೋಬ್‌ನಲ್ಲಿ ಸುಮಾರು ಒಂದು ಮಿ.ಮೀ. ಅಷ್ಟೇ.

ದೊಡ್ಡ ಪ್ರಮಾಣದ ನಕ್ಷೆ, ಚಿಕ್ಕ ಪ್ರಮಾಣದ ನಕ್ಷೆ ಎಂಬ ಹೆಸರಿಟ್ಟವರ ಮೇಲೆ ನನಗೆ ಸಿಟ್ಟಿದೆ. ಪ್ರಮಾಣ ಎಂದರೆ ನೆಲದ ಮೇಲಿನ ದೂರದ ಎಷ್ಟನೇ ಪಾಲು ನಕ್ಷೆಯಲ್ಲಿದೆ ಎಂಬುದು. ದೊಡ್ಡ ಪ್ರಮಾಣದ್ದು ಚಿಕ್ಕ ಜಾಗವನ್ನು ತೋರಿಸುತ್ತದೆ. 10,000ದಲ್ಲಿ ಒಂದು ಪಾಲು, 10 ಲಕ್ಷದಲ್ಲಿ ಒಂದು ಪಾಲಿಗಿಂತ ದೊಡ್ಡದು, ಆದ್ದರಿಂದ ಆ ಹೆಸರು. "ವಸ್ತು ದೊಡ್ಡದಾಗಿ ಕಂಡರೆ ದೊಡ್ಡ ಪ್ರಮಾಣ" ಎಂದು ಬರೆದು ಮುಗಿಸಿದೆ.

ವಾರ 9, 10

ಮಾನವ ಭೂಗೋಳ ಸುಲಭ ಎಂದುಕೊಂಡಿದ್ದೆ. ಟ್ರೇ ಬೇಡ, ಮಣ್ಣು ಬೇಡ. ಆದರೆ ಇಲ್ಲಿ ಗಡಿ ಹಾಕುವವರೇ ಮನುಷ್ಯರು. ನಗರ ಎಂದರೇನು? ಡೆನ್ಮಾರ್ಕ್‌ನಲ್ಲಿ 200 ಜನ ಒತ್ತಾಗಿ ವಾಸವಿದ್ದರೆ ಅದು ನಗರದ ಲೆಕ್ಕಕ್ಕೆ. ಜಪಾನ್‌ನಲ್ಲಿ ನಗರ ಎನಿಸಿಕೊಳ್ಳಲು ಸಾಮಾನ್ಯವಾಗಿ 50,000 ಜನ ಬೇಕು. ಹಳ್ಳಿ ಮತ್ತು ನಗರ ಎಂಬ ಜೋಡಿಯ ನಡುವೆ ನಾನು ಒಂದು ಸಾಲಿನ ವ್ಯತ್ಯಾಸ ಬರೆಯುವುದಾದರೂ ಹೇಗೆ? "ಯಾರ ಲೆಕ್ಕ ಎಂದು ಮೊದಲು ಕೇಳು" ಎಂದು ಬರೆದಿದ್ದೇನೆ.

ಜನಸಂಖ್ಯೆ ಮತ್ತು ಜನಸಾಂದ್ರತೆಗೆ ಈಜಿಪ್ಟ್. ಇಡೀ ದೇಶದ ಸಾಂದ್ರತೆ ಚದರ ಕಿ.ಮೀ.ಗೆ ನೂರರ ಮೇಲಿದೆ, ಲೆಕ್ಕ ಸುಲಭವಾಗಲಿ ಎಂದು ನೂರು ಎಂದೇ ಇಟ್ಟುಕೊಂಡೆವು. ಆದರೆ ಸುಮಾರು 95% ಜನ ಇರುವುದು ನೈಲ್ ದಂಡೆ ಮತ್ತು ಮುಖಜ ಭೂಮಿಯ ಸುಮಾರು 5% ನೆಲದಲ್ಲಿ. ಭಾಗಿಸಿ ನೋಡು ಎಂದೆ. ಅಲ್ಲಿ ಚದರ ಕಿ.ಮೀ.ಗೆ 1,900, ಉಳಿದ ಮರುಭೂಮಿಯಲ್ಲಿ ಬರೀ 5. "ಹಾಗಾದ್ರೆ ನೂರು ಜನ ಇರೋ ಜಾಗ ಎಲ್ಲೂ ಇಲ್ವಾ?" ಎಂದಳು. ಹೆಚ್ಚುಕಡಿಮೆ ಇಲ್ಲ. ಈ ಪ್ರಶ್ನೆಯನ್ನೇ ಕಾರ್ಡ್‌ನ ತಲೆಬರಹ ಮಾಡಿದೆ. ಸಾಂದ್ರತೆಯ ಪಕ್ಕ ಹಂಚಿಕೆ ಎಂಬ ಪದವನ್ನೂ ಸೇರಿಸಬೇಕಾಯಿತು.

ವಲಸೆಯಲ್ಲಿ ತಳ್ಳುವ ಕಾರಣ, ಸೆಳೆಯುವ ಕಾರಣ. ಬರಗಾಲ, ಯುದ್ಧ ತಳ್ಳುತ್ತವೆ. ಕೆಲಸ, ಓದು ಸೆಳೆಯುತ್ತವೆ. ಭೂಗೋಳಜ್ಞ ರಾವೆನ್‌ಸ್ಟೀನ್ 1885ರಲ್ಲೇ ಜನಗಣತಿ ನೋಡಿ, ಹೆಚ್ಚಿನವರು ಹೋಗುವುದು ಹತ್ತಿರಕ್ಕೇ ಎಂದು ಹೇಳಿದ್ದ. ವಲಸೆ ಎಂದರೆ ಸಮುದ್ರ ದಾಟುವುದು ಎಂದೇ ಹುಡುಗಿ ತಿಳಿದಿದ್ದಳು.

ವಾರ 11

ಈಗ ಪೆಟ್ಟಿಗೆಯಲ್ಲಿ 61 ಜೋಡಿ, 4 ತ್ರಿವಳಿ. ಎಲ್ಲೂ ಕೂರದ ಕಾರ್ಡ್ ಒಂದಿದೆ: ಕ್ಯಾಸ್ಪಿಯನ್. ಸುತ್ತಲೂ ನೆಲ, ಆದ್ದರಿಂದ ಸರೋವರ. ನೀರು ಉಪ್ಪು, ಹೆಸರೂ ಸಮುದ್ರ. ಇದು ಬರೀ ಪದದ ಜಗಳವಲ್ಲ. ಸಮುದ್ರ ಎಂದರೆ ಹಂಚಿಕೆಗೆ ಒಂದು ನಿಯಮ, ಸರೋವರ ಎಂದರೆ ಇನ್ನೊಂದು, ತಳದಲ್ಲಿ ತೈಲ ಮತ್ತು ಅನಿಲ ಬೇರೆ. ಸುತ್ತಲಿನ ಐದು ದೇಶಗಳು ವರ್ಷಾನುಗಟ್ಟಲೆ ಎಳೆದಾಡಿ, 2018ರ ಆಗಸ್ಟ್‌ನಲ್ಲಿ ಕಜಕಸ್ತಾನದ ಅಕ್ತಾವ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಅದರಲ್ಲಿ ಸಮುದ್ರವೂ ಅಲ್ಲ ಸರೋವರವೂ ಅಲ್ಲ ಎಂಬಂತೆ ಅದಕ್ಕೇ ಬೇರೆ ಸ್ಥಾನ ಕೊಟ್ಟರು. ಹುಡುಗಿ ಆ ಕಾರ್ಡನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದಾಳೆ.

ಬಾಕಿ ಇರುವುದು ಹಿಮನದಿ. ನದಿ ಕೊರೆದ ಕಣಿವೆ ಇಕ್ಕಟ್ಟು, ಹಿಮನದಿ ಉಜ್ಜಿದ ಕಣಿವೆ ತಳದಲ್ಲಿ ಅಗಲ. ಅದು ಬರೀ ಮಂಜಿನಿಂದ ಆಗುವ ಕೆಲಸವಲ್ಲ, ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಬಂಡೆಯನ್ನು ಗೀರುತ್ತವೆ. ತೋರಿಸಬೇಕಲ್ಲ, ಅದಕ್ಕೆ ಜಲ್ಲಿ ಹಾಕಿದ ನೀರಿನ ಡಬ್ಬಿ ನಿನ್ನೆಯಿಂದ ಫ್ರೀಜರ್‌ನಲ್ಲಿದೆ. ಫ್ರೀಜರ್‌ನಲ್ಲಿ ಕಲ್ಲು ಯಾಕಿದೆ ಎಂದು ಅಕ್ಕ ಬೆಳಗ್ಗೆ ಒಂದು ಸಲ ಕೇಳಿಯಾಗಿದೆ.