ಒಂದೇ ಹೆಸರಿನ ಎರಡು ಮನೆಗಳು

ಮಂಡ್ಯ, 14 ನವೆಂಬರ್ 2024, ಗುರುವಾರ

ಊರಿನ ಡೇರಿಗೆಂದು ನಾನು ಮಾಡಿಕೊಟ್ಟಿರುವ ವೆಬ್ ಪುಟದಲ್ಲಿ ಬೆಳಗಿನ ಹಾಲಿಗೆ ಒಂದು, ಸಂಜೆಯ ಹಾಲಿಗೆ ಒಂದು ಕೋಷ್ಟಕವಿದೆ. ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಂಬ ಕಾಲಂಗಳು, ಕೊನೆಯ ಸಾಲಿನ ಮನೆಯಲ್ಲಿ, ಎಂದರೆ ಚೌಕದಲ್ಲಿ, ಒಟ್ಟು ಲೀಟರ್. ನಿನ್ನೆ ರಾತ್ರಿ ಕಾರ್ಯದರ್ಶಿಗಳು ಫೋನ್ ಮಾಡಿ, “ಸಾರ್, ಬೆಳಿಗ್ಗೆ 412 ಅಂತಿದ್ದದ್ದು ಸಂಜೆ ಹಾಲು ಅಳೆದ್ಮೇಲೆ 368 ಆಗ್ಬುಟ್ಟದೆ, ಸಂಜೆ ಮನೆ ಖಾಲಿ ಕೂತದೆ” ಎಂದರು.

ಕೂಡುವ ಲೆಕ್ಕದಲ್ಲೇ ತಪ್ಪಿರಬೇಕೆಂದು ಇಂದು ಬೆಳಿಗ್ಗೆ ಎರಡು ಗಂಟೆ ಅದನ್ನೇ ಕೆದಕಿದೆ. ತಪ್ಪಿದ್ದದ್ದು ಬೇರೆ ಕಡೆ. ಬೆಳಗಿನ ಕೋಷ್ಟಕವನ್ನು ನಕಲು ಮಾಡಿಯೇ ಸಂಜೆಯದನ್ನು ಸಿದ್ಧಪಡಿಸಿದ್ದರಿಂದ ಎರಡರಲ್ಲೂ ಒಟ್ಟು ಲೀಟರಿನ ಮನೆಗೆ ‘ಮೊತ್ತ’ ಎಂಬ ಒಂದೇ ಐಡಿ, ಎಂದರೆ ಕೋಡಿನಲ್ಲಿ ಗುರುತಿಸುವ ಹೆಸರು, ಉಳಿದುಕೊಂಡಿತ್ತು. ಐಡಿ ಎಂಬುದು ಆಯಾ ಕೋಷ್ಟಕದೊಳಗೆ ಮಾತ್ರವಲ್ಲ, ಇಡೀ ಪುಟದಲ್ಲೇ ಒಂದಾಗಿರಬೇಕೆಂಬುದು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಮ್‌ಎಲ್‌ನ ನಿಯಮ. ನಿಯಮ ಮುರಿದರೂ ಬ್ರೌಸರ್ ಚಕಾರವೆತ್ತುವುದಿಲ್ಲ. ಐಡಿಯಿಂದ ಮನೆ ಹುಡುಕುವ ‘ಗೆಟ್‌ಎಲಿಮೆಂಟ್‌ಬೈಐಡಿ’ ಆಜ್ಞೆ ಕೊಟ್ಟು ಕೇಳಿದಾಗ ಮೇಲಿನಿಂದ ಮೊದಲು ಸಿಕ್ಕ ಮನೆಯನ್ನು ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಸಂಜೆಯ ಮೊತ್ತ ಬೆಳಗಿನ ಮನೆಯಲ್ಲಿ ಹೋಗಿ ಕುಳಿತದ್ದು ಹೀಗೆ. ನನ್ನನ್ನು ದಾರಿ ತಪ್ಪಿಸಿದ್ದು ಪುಟದ ಬಣ್ಣ, ಅಂದ ನೋಡಿಕೊಳ್ಳುವ ಸಿಎಸ್‌ಎಸ್: ಅದೇ ಐಡಿಗೆ ಬರೆದಿದ್ದ ಹಳದಿ ಬಣ್ಣ ಎರಡೂ ಮನೆಗಳಿಗೆ ಚೆನ್ನಾಗಿಯೇ ಹತ್ತಿತ್ತು, ಏಕೆಂದರೆ ಸಿಎಸ್‌ಎಸ್ ಆ ಹೆಸರಿನವರೆಲ್ಲರಿಗೂ ಬಣ್ಣ ಬಳಿಯುತ್ತದೆ. ಬಣ್ಣ ಬಂದಿದೆಯಾದ್ದರಿಂದ ಹೆಸರು ಸರಿಯಾಗಿಯೇ ಇದೆ ಎಂದುಕೊಂಡೆ. ವೆಬ್ ನಿಯಮಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯೂತ್ರೀಸಿಯ ತಪ್ಪು ಹುಡುಕುವ ವ್ಯಾಲಿಡೇಟರಿಗೆ ಪುಟವನ್ನು ಒಮ್ಮೆ ಕೊಟ್ಟಿದ್ದರೆ ಕ್ಷಣದಲ್ಲಿ ಹಿಡಿದುಕೊಡುತ್ತಿತ್ತು.

ಕಾರ್ಯದರ್ಶಿಗಳಿಗೆ ಇದನ್ನು ಬಿಡಿಸಿ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. “ನಮ್ಮೂರಲ್ಲೂ ಒಂದೇ ಹೆಸರಿನೋರು ಮೂರು ಜನ ಅವ್ರೆ, ದೊಡ್ಡಮನೆ, ಹೊಸಮನೆ ಅಂತ ಸೇರಿಸ್ಕೊಂಡು ಕರೀತೀವಲ್ಲ” ಎಂದರು. ನಾನು ಮಾಡಿದ್ದೂ ಅದನ್ನೇ: ‘ಬೆಳಿಗ್ಗೆ-ಮೊತ್ತ’, ‘ಸಂಜೆ-ಮೊತ್ತ’. ಸಾಲುಗಳಿಗೆ ಸದಸ್ಯರ ಸಂಖ್ಯೆಯನ್ನೇ ಐಡಿಯಾಗಿ ಕೊಟ್ಟಿದ್ದೆನಾದ್ದರಿಂದ 17ನೆಯವರೂ ಎರಡೆರಡು ಕಡೆ ಇದ್ದರು. ಅವರೂ ‘ಬೆಳಿಗ್ಗೆ-17’, ‘ಸಂಜೆ-17’ ಆದರು. ಇದರಿಂದ ಇನ್ನೊಂದು ತೊಡಕೂ ತಪ್ಪಿತು. ಐಡಿ ಅಕ್ಷರದಿಂದಲೇ ಆರಂಭವಾಗಬೇಕೆಂಬ 1999ರ ಎಚ್‌ಟಿಎಮ್‌ಎಲ್ 4.01ರ ಕಟ್ಟುಪಾಡು ಈಗಿಲ್ಲ, ನಡುವೆ ಖಾಲಿ ಜಾಗವಿರದಿದ್ದರೆ ಸಾಕು. ಆದರೆ ಹ್ಯಾಶ್ (#) ಗುರುತಿನ ನಂತರ ಬರಿಯ 17 ಬರೆದು, ಹುಡುಕುವ ಇನ್ನೊಂದು ಆಜ್ಞೆಯಾದ ‘ಕ್ವೆರಿಸೆಲೆಕ್ಟರ್’ಗೆ ಕೊಟ್ಟರೆ ಅದು ತಪ್ಪೆಂದು ತಿರಸ್ಕರಿಸುತ್ತದೆ. ಕನ್ನಡದ ೧೭ ಕೊಟ್ಟರೆ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಅದೇಕೋ ನನಗೆ ಖುಷಿ ಕೊಟ್ಟಿತು.

ಬಟವಾಡೆಯ ಕೋಷ್ಟಕದಲ್ಲಿ ಶೀರ್ಷಿಕೆಗಳು ಎರಡು ಹಂತದಲ್ಲಿವೆ: ಮೇಲೆ ಬೆಳಿಗ್ಗೆ, ಸಂಜೆ, ಅವುಗಳ ಕೆಳಗೆ ಲೀಟರ್, ಫ್ಯಾಟ್. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಇಟ್ಟುಕೊಂಡು ಕೇಳುವಾಗ 4.2 ಎಂಬುದು ಯಾವ ಹೊತ್ತಿನ ಫ್ಯಾಟ್ ಎಂದು ತಿಳಿಯಬೇಕಾದರೆ, ಆ ಮನೆಯ ‘ಹೆಡರ್ಸ್’ ಗುಣದಲ್ಲಿ ಎರಡೂ ಶೀರ್ಷಿಕೆಗಳ ಐಡಿಗಳನ್ನು ಖಾಲಿ ಜಾಗ ಬಿಟ್ಟು ಬರೆಯಬಹುದು. ಐಡಿಯೊಳಗೆ ಖಾಲಿ ಜಾಗ ಏಕೆ ಸಲ್ಲದೆಂಬುದು ಇಲ್ಲಿ ಅರ್ಥವಾಗುತ್ತದೆ. ಇಲ್ಲಿಯೂ ಲೆಕ್ಕಕ್ಕೆ ಬರುವುದು ಪುಟದಲ್ಲಿ ಆ ಹೆಸರಿನ ಮೊದಲನೆಯದು ಮಾತ್ರ. ಅದು ಬೇರೆ ಕೋಷ್ಟಕದಲ್ಲಿದ್ದರೆ ಕೊಂಡಿ ಕಳಚಿದಂತೆಯೇ. ಸರಳ ಕೋಷ್ಟಕಗಳಿಗೆ ಇಷ್ಟೆಲ್ಲ ಬೇಡ, ಶೀರ್ಷಿಕೆ ಸಾಲಿನದೋ ಕಾಲಂನದೋ ಎಂದು ಹೇಳುವ ‘ಸ್ಕೋಪ್’ ಗುಣ ಸಾಕು. ಪ್ರತಿ ಮನೆಗೂ ಐಡಿ ಅಂಟಿಸುವವರನ್ನು ನೋಡಿದ್ದೇನೆ. ಅದು ಬರಿಯ ಹೊರೆ.

ಇಷ್ಟಾದರೂ ಮಧ್ಯಾಹ್ನ ‘ಸಂಜೆ-ಮೊತ್ತ’ ಸಿಗುತ್ತಿಲ್ಲವೆಂದೇ ಬಂತು. ಪರದೆಯ ಮೇಲೆ ಕೋಷ್ಟಕದಲ್ಲೂ ಹುಡುಕುವ ಕೋಡಿನಲ್ಲೂ ಅದೇ ಪದ. ಅಕ್ಷರಗಳ ಸಂಕೇತಗಳನ್ನು ಬಿಡಿಸಿ ನೋಡಿದಾಗ, ಹಳೆಯ ಕಡತದಿಂದ ಅಂಟಿಸಿದ್ದ ಪದದಲ್ಲಿ ‘ಮೊ’ದ ಒತ್ವ ಎರಡು ಸಂಕೇತಗಳಾಗಿ ಒಡೆದಿತ್ತು, ನಾನು ಕೀಲಿಮಣೆಯಲ್ಲಿ ಒತ್ತಿದ್ದರಲ್ಲಿ ಒಂದೇ ಇತ್ತು. ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಎರಡೂ ಸಮಾನವೇ, ಆದರೆ ಐಡಿಯನ್ನು ಹೋಲಿಸುವಾಗ ಬ್ರೌಸರ್ ಆ ಸಮಾನತೆಯನ್ನು ಗಣಿಸುವುದಿಲ್ಲ. ಎರಡು ಕಡೆಯೂ ಹೊಸದಾಗಿ ಒತ್ತಿದೆ.

ಸಂಜೆ ಏಳಕ್ಕೆ ಪುಟ ತೆರೆದೆ: ಬೆಳಿಗ್ಗೆ 405, ಸಂಜೆ 371. ಸಾಲುಗಳು ಹಾಗೆಯೇ ಇದ್ದುದರಿಂದ ನಿನ್ನೆಯ 412 ಕೂಡ ತನ್ನ ಜಾಗಕ್ಕೆ ಮರಳಿದೆ. ಬಟವಾಡೆಯ ಕೋಷ್ಟಕದ ‘ಹೆಡರ್ಸ್’ ಬರೆಯುವುದು ನಾಳೆಗೆ ಉಳಿದಿದೆ.