ಹೇವಿಳಂಬಿ ಪತ್ರ: ಕಲೆಯ ಕೆಳಗೆ ಇದ್ದದ್ದು ಸಾಲವಲ್ಲ

ಹೇವಿಳಂಬಿ ಪತ್ರದ, ಅಂದರೆ ಹೇವಿಳಂಬಿ ಸಂವತ್ಸರದಲ್ಲಿ ಹೊಸ ಮನೆಯ ಬಗ್ಗೆ ನಮ್ಮ ಹಿರಿಯರೊಬ್ಬರು ಬರೆದ ಕಾಗದದ, ಗಂಟು ಕೊನೆಗೂ ಬಿಚ್ಚಿತು. ಧಾರವಾಡ ಕಡೆಯ ನಮ್ಮ ಹಳೇ ಮನೆ ಕಟ್ಟಿಸಿದ್ದು ಒಂದೇ ಹೆಸರಿನ ಇಬ್ಬರು ಹಿರಿಯರಲ್ಲಿ ಅಜ್ಜನೋ ಮೊಮ್ಮಗನೋ ಅನ್ನೋ ಜಗಳ ಇನ್ನು ಮುಗಿದ ಹಾಗೆ. ಕಾಕಾ ಇನ್ನೂ ಒಪ್ಪಿಲ್ಲ, ಆ ಮಾತು ಬೇರೆ.

ಪಹಣಿ, ಮ್ಯುಟೇಷನ್, ಹಿಸ್ಸಾ ನಕಾಶೆ ತೆಗೆಸಿದ ಕಥೆ ಬರೆಯುವುದಿಲ್ಲ. ಆ ಕ್ಯೂನಲ್ಲಿ ನೀವೂ ನಿಂತಿರುತ್ತೀರಿ. ನನ್ನ ತಲೆ ತಿಂದದ್ದು ಒಂದೇ ಒಂದು ಹಾಳೆ.

ಮುಂಬಯಿ ಕರ್ನಾಟಕದ (ಈಗ ಕಿತ್ತೂರು ಕರ್ನಾಟಕ) ಕುಲಕರ್ಣಿ ಮನೆಗಳ, ಅಂದರೆ ಊರ ಲೆಕ್ಕಪತ್ರ ಬರೆಯುತ್ತಿದ್ದವರ ಮನೆಗಳ, ಹಣೆಬರಹ ಗೊತ್ತಲ್ವಾ? ಮಾತು ಕನ್ನಡ, ಕಾಗದ ಮರಾಠಿ, ಲಿಪಿ ಮೋಡಿ, ಅಂದರೆ ಮರಾಠಿಯ ಹಳೇ ಕೂಡುಬರಹ. ಮೊದಲು ಹಾಳೆಯ ಉದ್ದಕ್ಕೂ ತಲೆಗೆರೆ ಎಳೆದುಬಿಡುತ್ತಿದ್ದರು. ಆಮೇಲೆ ಬೋರು (ಜೊಂಡಿನ ಲೇಖನಿ) ಎತ್ತದೆ ಬರೆಯುತ್ತಾ ಹೋಗುತ್ತಿದ್ದರು. ಪದಗಳ ನಡುವೆ ಜಾಗ ಇಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘ ಅನ್ನೋ ಭೇದವೂ ಇಲ್ಲ. ನಮ್ಮ ಪತ್ರವನ್ನು ಆಳಿನ ಕೈಯಲ್ಲಿ ಕಳಿಸಿದ್ದರು, ಹಾಗಾಗಿ ಅಂಚೆ ಮುದ್ರೆ ಇಲ್ಲ. ಶಕೆಯನ್ನೂ, ಅಂದರೆ ವರ್ಷದ ಸಂಖ್ಯೆಯನ್ನೂ, ಹಾಕಿಲ್ಲ. ಇರುವುದು ಇಷ್ಟೇ: ಹೇವಿಳಂಬಿ ಸಂವತ್ಸರ, ಪೌಷ ವದ್ಯ 30. ಅಂದರೆ ಪುಷ್ಯ ಅಮಾವಾಸ್ಯೆ.

ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹೇವಿಳಂಬಿ 1837ರಲ್ಲೂ ಇದೆ, 1897ರಲ್ಲೂ ಇದೆ. ಪುಷ್ಯ ಅಮಾವಾಸ್ಯೆ ಬರುವಾಗ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಆದ್ದರಿಂದ 1838ರ ಜನವರಿ ಅಥವಾ 1898ರ ಜನವರಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆ ನಮ್ಮದು. ಇಬ್ಬರ ನಡುವೆ ಸುಮಾರು ಅಷ್ಟೇ ವರ್ಷದ ಅಂತರ, ಇಬ್ಬರದೂ ಒಂದೇ ಸಹಿ. ಇನ್ನೇನು ಬೇಕು ಹುಚ್ಚು ಹಿಡಿಯಲು!

ಮನೆಯನ್ನೇ ಕೇಳೋಣ ಅಂತ ಅಟ್ಟ ಹತ್ತಿದೆ. ಪಡಸಾಲೆ ಮೇಲೆ ಮಂಗಳೂರು ಹೆಂಚು ಇದೆ. ಬಾಸೆಲ್ ಮಿಷನ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಗೆದ್ದೆ ಅಂದುಕೊಂಡೆ. ಕಾಕಾ ಕೂತಲ್ಲಿಂದಲೇ, "ಹೆಂಚ ಆಮ್ಯಾಲ ಹಾಕಿಸಿರಬಹುದಲ್ಲೋ" ಅಂದರು. ಅದೂ ಸರಿಯೇ.

ಪತ್ರದಲ್ಲಿ ಇನ್ನೊಂದು ಸಾಲು ಇತ್ತು. ಅಮಾವಾಸ್ಯೆ ಅಂತ ಬರೆದಮೇಲೆ ಎಣ್ಣೆಯ ಕಂದು ಕಲೆ. ಕಲೆಯ ಆಚೆ "ಸುಟಲ್ಯಾವರ", ಅಂದರೆ ಬಿಟ್ಟ ಮೇಲೆ, ಮಲಪ್ರಭೆಯಲ್ಲಿ ಸ್ನಾನ ಮಾಡಿ ಊರಿಗೆ ಬಂದೆವು. ಮಾಘ ಶುದ್ಧದಲ್ಲಿ ಹೊಸ ಮನೆಯ ತಲಬಾಗಿಲ ಚೌಕಟ್ಟು ನಿಲ್ಲಿಸುತ್ತೇವೆ, ತಪ್ಪದೆ ಬರಬೇಕು ಅಂತ ಇತ್ತು. ಪುಟಕ್ಕಿಷ್ಟು ಅಂತ ದುಡ್ಡು ತೆಗೆದುಕೊಳ್ಳುವ ಒಬ್ಬ ಮೋಡಿ ಪಂಡಿತರು ಕಲೆಯ ಜಾಗದಲ್ಲಿ "ಗಹಾಣ" ಅಂತ ಓದಿಕೊಟ್ಟಿದ್ದರು. ಗಹಾಣ ಅಂದರೆ ಅಡವು. ಅಡವು ಬಿಡಿಸಿಕೊಂಡ ಮೇಲೆ ಸ್ನಾನ! ಸಾಲ ತೀರಿದ ಖುಷಿಗೆ ಜನ ಊಟ ಹಾಕಿಸುತ್ತಾರೆ, ಪುಷ್ಯದ ಚಳಿಯಲ್ಲಿ ಹೊಳೆಗೆ ಇಳಿಯುತ್ತಾರಾ? ಆದರೆ ನಮ್ಮ ಮನೆಯಲ್ಲಿ ಇದಕ್ಕೆ ಆಗಲೇ ಕೈಕಾಲು ಮೂಡಿದ್ದವು. ಅಜ್ಜ ರಾತ್ರೋರಾತ್ರಿ ಬೆಳ್ಳಿ ರೂಪಾಯಿ ಚೀಲ ಹೊತ್ತು ಸಾವಕಾರನ ಬಾಗಿಲು ಬಡಿದನಂತೆ. ನಾನು ಆ ಅಡವಿನ ಪತ್ರಕ್ಕೆ ಅರ್ಜಿಯನ್ನೂ ಹಾಕಿದ್ದೆ. "ಕಡತ ಲಭ್ಯವಿಲ್ಲ" ಅಂತ ಉತ್ತರ ಬಂದಿತ್ತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕಲೆಯ ಕೆಳಗೆ ಏನಿದೆ ಅಂತ ನೋಡಬೇಕಿತ್ತು. ಸ್ಕ್ಯಾನ್ ಮಾಡಿ ಬಣ್ಣದ ಚಾನೆಲ್ ಬೇರೆ ಮಾಡಿದೆ, ಆಗಲಿಲ್ಲ. ಆನ್‌ಲೈನಲ್ಲಿ ಅತಿನೇರಳೆ ಟಾರ್ಚ್ ತರಿಸಿದೆ. ಮೊದಲ ಸಲ ಬಂದದ್ದು ನೀಲಿ ಬಲ್ಬಿನ ಆಟಿಕೆ. ಎರಡನೆಯದು ಅಸಲಿಯೇ, ಆದರೆ ಎಣ್ಣೆ ಕಲೆಯೇ ಹೊಳೆದು ಅಕ್ಷರ ಇನ್ನೂ ಮುಚ್ಚಿತು. (ಜೊತೆಗೆ ಆಮ್ಲರಹಿತ ಟಿಶ್ಯೂ ಕೇಳಿದ್ದೆ, ಬಂದದ್ದು ಬೇಕರಿಯ ಬಟರ್ ಪೇಪರ್. ವಾಪಸ್ ತೆಗೆದುಕೊಳ್ಳಲ್ಲ ಅಂತಾರೆ.)

ಹಳೇ ಮಸಿ ದೀಪದ ಕಾಡಿಗೆಯದು, ಅಂದರೆ ಇಂಗಾಲ. ಇಂಗಾಲ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ನುಂಗುತ್ತದೆ, ಎಣ್ಣೆ ಕಲೆ ಅದನ್ನು ಬಿಟ್ಟುಕೊಡುತ್ತದೆ. ಅವಗೆಂಪು ಕ್ಯಾಮೆರಾ ಕೊಳ್ಳುವ ದುಡ್ಡಿಲ್ಲ. ಗೇಟಿನ ಸಿಸಿಟಿವಿ ಇದೆಯಲ್ಲ! ರಾತ್ರಿ ಅದು ನೋಡುವುದು ಆ ಬೆಳಕಲ್ಲೇ. ಬಿಚ್ಚಿ ತಂದೆ. ಲೆನ್ಸಿನ ಗೋಂದು ಕೆರೆದು ಸ್ವಲ್ಪ ತಿರುಗಿಸಿದರೆ ಗೇಣು ದೂರಕ್ಕೆ ಫೋಕಸ್ ಆಗುತ್ತದೆ. ಅದರ ಎಲ್‌ಇಡಿಗಳಿಗೆ ಕಪ್ಪು ಟೇಪ್ ಹಚ್ಚಿ, ಬೇರೆ ಅವಗೆಂಪು ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಇಲ್ಲದಿದ್ದರೆ ನಡುವೆ ಬಿಳಿ ಚುಕ್ಕೆ ಬಿಟ್ಟು ಏನೂ ಕಾಣಲ್ಲ. ಕೋಣೆ ಕತ್ತಲಿರಲಿ.

ಟಿವಿ ಪರದೆಯ ಮೇಲೆ ಕಲೆ ಮಾಯ! ಮೊದಲು "ಮಂದವಾರ", ಅಂದರೆ ಶನಿವಾರ. ಮುಂದೆ ಗಕಾರ, ಅದರ ಬುಡದಲ್ಲಿ ಚಿಕ್ಕ ಓರೆ ಗೆರೆ, ಅಂದರೆ ರಕಾರದ ಒತ್ತು. ಹಕಾರದ ಮುಂದೆ ದೀರ್ಘ ಇಲ್ಲವೇ ಇಲ್ಲ. ಗಹಾಣ ಅಲ್ಲ, ಗ್ರಹಣ. ಗ್ರಹಣ ಬಿಟ್ಟ ಮೇಲೆ ಸ್ನಾನ. ಇದಕ್ಕಿಂತ ಸಾಮಾನ್ಯ ಸಂಗತಿ ಇನ್ನೇನಿದೆ!

ಉಳಿದದ್ದು ಸಲೀಸು. ನಾಸಾದ ಗ್ರಹಣ ಪಟ್ಟಿಯಲ್ಲಿ 1838ರ ಜನವರಿಯಲ್ಲಿ ಸೂರ್ಯಗ್ರಹಣವೇ ಇಲ್ಲ. ಆ ವರ್ಷದ ಪುಷ್ಯ ಅಮಾವಾಸ್ಯೆ ಶನಿವಾರ ಬೀಳುವುದೂ ಇಲ್ಲ. 1898ರ ಜನವರಿ 22, ಶನಿವಾರ, ಖಗ್ರಾಸ. ಕೊಂಕಣದ ವಿಜಯದುರ್ಗಕ್ಕೆ ಇಂಗ್ಲೆಂಡಿನ ಖಗೋಳ ವಿಜ್ಞಾನಿ ನಾರ್ಮನ್ ಲಾಕಿಯರ್ ದುರ್ಬೀನು ಹೊತ್ತು ಬಂದದ್ದು ಇದೇ ಗ್ರಹಣಕ್ಕೆ. ನಮ್ಮ ಕಡೆ ಅದು ಖಂಡಗ್ರಾಸ. ಮನೆ ಮೊಮ್ಮಗನದೇ.

ಅಡವಿನ ಪತ್ರಕ್ಕೆ ಹಾಕಿದ್ದ ಆ ಅರ್ಜಿಯ ಉತ್ತರವನ್ನು ಈಗ ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಒಂದು ಕಚೇರಿ ಕಡತ ಇಲ್ಲ ಅಂದದ್ದು ಪೂರ್ತಿ ನಿಜವಾದದ್ದು ನನ್ನ ಅನುಭವದಲ್ಲಿ ಇದೇ ಮೊದಲು.

ಮುಂದಿನ ಕೆಲಸ ಅಟ್ಟದಲ್ಲೇ ಸಿಕ್ಕಿದೆ. ತಂತಿಗೆ ಚುಚ್ಚಿಟ್ಟ ಕಾಲಾಣೆ ಅಂಚೆ ಕಾರ್ಡುಗಳ ದೊಡ್ಡ ಸರ. ಮುದ್ರೆ ಇದೆ, ರಾಜನ ತಲೆ ಇದೆ, ತಾರೀಖಿಗೆ ಒದ್ದಾಡಬೇಕಿಲ್ಲ. ಆದರೆ ಪ್ರತಿ ಕಾರ್ಡಿನ ನಡುವೆ ತೂತು, ಅದೂ ಸರಿಯಾಗಿ ಹೆಸರಿನ ಮೇಲೆ. ತುಕ್ಕು ಹಿಡಿದ ತಂತಿಯಿಂದ ಕಾರ್ಡು ಹರಿಯದೆ ಬಿಡಿಸಿದವರಿದ್ದರೆ ಹೇಗೆ ಅಂತ ಹೇಳಿ. ಬುಡದ ಮರದ ಬಿಲ್ಲೆ ಗರಗಸದಿಂದ ಕೊಯ್ದು ಕೆಳಗಿನಿಂದ ಎಳೆಯೋಣ ಅಂತಿದ್ದೇನೆ. ಕಾಕಾಗೆ ಮಾತ್ರ ಬಿಲ್ಲೆ ಹಾಗೇ ಬೇಕಂತೆ. ಅದು "ದೊಡ್ಡ ಅಜ್ಜಂದು" ಅಂತೆ.