ಮೇಜಿನ ಮೇಲಿನ ರಕ್ತಪರಿಚಲನೆ: ಮಹಾಧಮನಿ ಕೂಡಿಸಿದ ಹಂತ

ಸಿರಿಂಜ್, ಕೊಳವೆ, ಬಾಟಲಿಗಳಿಂದ ಹೃದಯ ಮತ್ತು ರಕ್ತನಾಳಗಳ ಕೆಲಸ ತೋರಿಸುವ ಈ ಮಾದರಿಯ ಗುರಿ ಹಿಂದಿನ ಹಂತಗಳದೇ. ಬಡಿತಕ್ಕೆ 70 ಮಿಲೀ, ನಿಮಿಷಕ್ಕೆ 72 ಬಡಿತ, ಒಟ್ಟು ಸುಮಾರು 5 ಲೀಟರ್. ಒತ್ತಡದ ಗೇಜಿನಲ್ಲಿ 120/80 ಮಿಮೀ ಪಾದರಸ ಕಾಣಬೇಕು. ಬಡಿತಕ್ಕೆ 0.83 ಸೆಕೆಂಡ್; ಅದರಲ್ಲಿ ಹೃದಯ ರಕ್ತ ತಳ್ಳುವುದು 0.3 ಸೆಕೆಂಡ್ ಮಾತ್ರ.

ಪಂಪು. ದೇಹಕ್ಕೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಜಾಗದಲ್ಲಿ 100 ಮಿಲೀ ಸಿರಿಂಜ್. ಅದರ ಸಣ್ಣ ಮೂತಿಯನ್ನು ಹಾಗೆಯೇ ಬಿಟ್ಟರೆ ಕೆಲಸ ಕೆಡುತ್ತದೆ. 0.3 ಸೆಕೆಂಡಿನಲ್ಲಿ 70 ಮಿಲೀ ಎಂದರೆ ಸೆಕೆಂಡಿಗೆ 230 ಮಿಲೀ ಹರಿವು. 4 ಮಿಮೀ ರಂಧ್ರದಲ್ಲಿ ವೇಗ ಸೆಕೆಂಡಿಗೆ 18 ಮೀಟರ್ ಆಗಬೇಕಾಗುತ್ತದೆ, ಹಾಕಿದ ಬಲವೆಲ್ಲ ಮೂತಿಯಲ್ಲೇ ಮುಗಿಯುತ್ತದೆ. ಮುಂಭಾಗವನ್ನು ಪೂರ್ತಿ ಕತ್ತರಿಸಿ, ಹೊರಗಿನಿಂದ ಬಿಗಿಯಾಗಿ ಕೂರುವ ರಬ್ಬರ್ ಹೋಸ್ ತೊಡಿಸಿ ಕ್ಲಿಪ್ ಬಿಗಿದಿದೆ. ಅಂಟು ನಂಬಬೇಡಿ, ಸಿರಿಂಜಿನ ಪಾಲಿಪ್ರೊಪಿಲೀನಿಗೆ ಅದು ಹಿಡಿಯುವುದಿಲ್ಲ. ಮುಂದಿನ ದಾರಿಯೆಲ್ಲ 12 ಮಿಮೀ.

ಕವಾಟಗಳು. ಪ್ಲಂಬಿಂಗ್ ಅಂಗಡಿಯ, ಒಂದೇ ದಿಕ್ಕಿಗೆ ಬಿಡುವ ಸ್ಪ್ರಿಂಗ್ ಇರುವ ನಾನ್‌ರಿಟರ್ನ್ ವಾಲ್ವ್ ಹೊರಹರಿವಿಗೆ ನಡೆಯುತ್ತದೆ, ಒಳಹರಿವಿಗೆ ನಡೆಯುವುದಿಲ್ಲ. ಸಿರಿಂಜಿಗೆ ದ್ರವ ಬರುವ ತೊಟ್ಟಿ ಅದಕ್ಕಿಂತ 10 ಸೆಂಮೀ ಮೇಲಿದೆ, ಅಂದರೆ ಕವಾಟ ತೆರೆಯಲು ಸಿಗುವ ಒತ್ತಡ ಸುಮಾರು 7 ಮಿಮೀ ಪಾದರಸ. ಆ ಸ್ಪ್ರಿಂಗಿಗೆ ಇದು ಸಾಲದು. ಬಲವಾಗಿ ಎಳೆದರೆ ಪಿಸ್ಟನ್ನಿನ ಪಕ್ಕದಿಂದ ಗಾಳಿ ನುಗ್ಗುತ್ತದೆ.

ಹಾಗಾಗಿ ಒಳಕವಾಟವನ್ನು ಸೈಕಲ್ ಟ್ಯೂಬಿನಿಂದ ಮಾಡಿದ್ದಾಯಿತು. 14 ಮಿಮೀ ರಂಧ್ರದ ಅಕ್ರಿಲಿಕ್ ಬಿಲ್ಲೆಯ ಮೇಲೆ, ಒಂದು ಬದಿ ಮಾತ್ರ ಹಿಡಿದ ರಬ್ಬರ್ ಪಟ್ಟಿ. ಒತ್ತಡ 120ಕ್ಕೆ ಏರಿದಾಗ ರಂಧ್ರದಷ್ಟು ಜಾಗದ ಮೇಲೆ 250 ಗ್ರಾಂ ತೂಕದ ಬಲ ಬೀಳುತ್ತದೆ, ತೆಳು ರಬ್ಬರ್ ಗಾಳಿಗೆ ಸಿಕ್ಕ ಕೊಡೆಯಂತೆ ಹಿಂದುಮುಂದಾಗಿ ರಂಧ್ರದೊಳಗೆ ನುಸುಳುತ್ತದೆ. ಪಟ್ಟಿಯ ತುದಿಗೆ ಎರಡು ನೈಲಾನ್ ಗಾಳದ ದಾರ ಹೊಲಿದು ಸಿರಿಂಜಿನ ಕಡೆ ಕಟ್ಟಿದ ಮೇಲೆ ನಿಂತಿತು. ಹೃದಯದಲ್ಲೂ ಇದೇ ವ್ಯವಸ್ಥೆ: ಎಡ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನ ಮೈಟ್ರಲ್ ಕವಾಟದ ದಳಗಳನ್ನು ಸ್ನಾಯುರಜ್ಜುಗಳು ಹಿಡಿದಿರುತ್ತವೆ, ರಜ್ಜು ಹರಿದರೆ ರಕ್ತ ಹೃತ್ಕರ್ಣಕ್ಕೆ ಹಿಂದೆ ಚಿಮ್ಮುತ್ತದೆ. ದಾರ ತೀರ ಬಿಗಿದರೂ ಕೆಟ್ಟದ್ದೇ, ಕವಾಟ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದ ಸ್ಥಿತಿಯಲ್ಲಿ ದಾರ ಆಗಷ್ಟೇ ಬಿಗಿಯಾಗುವಂತಿರಲಿ.

ಕಿರು ಅಪಧಮನಿಗಳು. ದೇಹದಲ್ಲಿ ಹರಿವಿಗೆ ಹೆಚ್ಚಿನ ತಡೆ ಇಲ್ಲಿಯದು. ಒಂದೇ ಕೊಳವೆಗೆ ಕ್ಲ್ಯಾಂಪ್ ಹಾಕಿದರೆ ಹರಿವು ಸುಳಿಯಾಗುತ್ತದೆ, ಹರಿವಿಗೂ ಒತ್ತಡಕ್ಕೂ ನೇರ ಲೆಕ್ಕ ಸಿಗುವುದಿಲ್ಲ. 2 ಮಿಮೀ ಒಳವ್ಯಾಸದ 20 ಸಿಲಿಕೋನ್ ಕೊಳವೆಗಳನ್ನು ಅಕ್ಕಪಕ್ಕ ಜೋಡಿಸಿದೆ. ದ್ರವ ತೂಕದಲ್ಲಿ 40 ಭಾಗ ಗ್ಲಿಸರಿನ್, 60 ಭಾಗ ನೀರು. 20 ಡಿಗ್ರಿಯಲ್ಲಿ ಇದರ ಸ್ನಿಗ್ಧತೆ (ಹರಿಯದಂತೆ ತಡೆಯುವ ಅಂಟುತನ) ನೀರಿನ ಸುಮಾರು 3.7 ಪಟ್ಟು, ರಕ್ತಕ್ಕೆ ಹತ್ತಿರ. 30 ಡಿಗ್ರಿಯಲ್ಲಿ ಅದು 2.7ಕ್ಕೆ ಇಳಿಯುವುದರಿಂದ ಕೊಳವೆಗಳನ್ನು 45 ಸೆಂಮೀ ಇಟ್ಟು, ಗೇಜ್ ನೋಡುತ್ತ ಕತ್ತರಿಸುತ್ತ ಬರುವುದು ಒಳ್ಳೆಯದು. ವ್ಯಾಸದಲ್ಲಿ ಮಾತ್ರ ರಾಜಿ ಬೇಡ. ತ್ರಿಜ್ಯ ಅರ್ಧವಾದರೆ ತಡೆ 16 ಪಟ್ಟಾಗುತ್ತದೆ.

ಮಹಾಧಮನಿ. ಈ ಹಂತದ ಮುಖ್ಯ ಕೆಲಸ ಇದೇ. ಹೃದಯದಿಂದ ಹೊರಡುವ ಈ ದೊಡ್ಡ ನಾಳದ ಹಿಗ್ಗುವ ಗೋಡೆಯ ಬದಲಿಗೆ ಇಲ್ಲಿ ಬಾಟಲಿಯ ಗಾಳಿ. ಹೊರಕವಾಟದ ಆಚೆ ಟಿ-ಜಾಯಿಂಟ್, ಅದರ ಮೇಲೆ ಬಾಯಿ ಕೆಳಗಾಗಿ ನಿಂತ ಸೋಡಾ ಬಾಟಲಿ. ಒಳಗೆ 1 ಲೀಟರ್ ಗಾಳಿ, ಅಂದರೆ ಒತ್ತಡ 1 ಮಿಮೀ ಪಾದರಸ ಏರಿದರೆ ಸುಮಾರು 1 ಮಿಲೀ ದ್ರವ ಒಳಗೆ ಸೇರುತ್ತದೆ. ಕುಡಿಯುವ ನೀರಿನ ಬಾಟಲಿ ತೆಳು, ಬೇಡ. ಗಾಳಿ ನಿಧಾನಕ್ಕೆ ಕರಗುತ್ತದೆ; ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಹಾಕಿ, ಪ್ರತಿಸಲ ನೋಡಿ.

ಬಾಟಲಿ ಇಲ್ಲದೆ ತಳ್ಳಿದರೆ ಮುಳ್ಳು 250 ದಾಟಿ, ಮರುಕ್ಷಣ ಸೊನ್ನೆಗೆ ಬೀಳುತ್ತದೆ; ಕೈಗೆ ಎರಡು ಪಟ್ಟು ಬಲ ಬೇಕು, ಬಿಗಿಯದ ಕೀಲು ಕಿತ್ತು ಬರುತ್ತದೆ. ಬಾಟಲಿ ಕೂಡಿಸಿದರೆ 124/80. ತಳ್ಳಿದ 70 ಮಿಲೀಯಲ್ಲಿ ಸುಮಾರು 26 ಮಾತ್ರ ಆಗಲೇ ಕೊಳವೆಗಳನ್ನು ದಾಟುತ್ತದೆ, ಉಳಿದ 44 ಬಾಟಲಿಯಲ್ಲಿ ನಿಂತು, ಸಿರಿಂಜ್ ತುಂಬುತ್ತಿರುವಾಗ ಹೊರಡುತ್ತದೆ. ಹೃದಯದ ಮಾದರಿ ಮಾಡುವವರು ಬಣ್ಣ, ಆಕಾರಕ್ಕೆ ಕೊಡುವ ಗಮನದಲ್ಲಿ ಸ್ವಲ್ಪವನ್ನಾದರೂ ಮಹಾಧಮನಿಯ ಹಿಗ್ಗುವ ಗೋಡೆಗೆ ಕೊಡಬೇಕು. ಅಪಧಮನಿಗಳನ್ನು ಬೆಂಕಿ ಆರಿಸುವ ಯಂತ್ರದ ಗಾಳಿಗೂಡಿಗೆ ಹೋಲಿಸಿದ ಇಂಗ್ಲಿಷ್ ವಿಜ್ಞಾನಿ ಸ್ಟೀಫನ್ ಹೇಲ್ಸ್ 1733ರಲ್ಲೇ ಗೋಡೆಯ ಈ ಕೆಲಸವನ್ನು ಹೇಳಿದ್ದ.

ಗಾಳಿಯನ್ನು 400 ಮಿಲೀಗೆ ಇಳಿಸಿದರೆ 160/50ರ ಆಸುಪಾಸು. ಪಂಪು ಅದೇ, ತಡೆ ಅದೇ, ಸರಾಸರಿ ಒತ್ತಡವೂ ಹೆಚ್ಚುಕಡಿಮೆ ಅದೇ. ವಯಸ್ಸಾದಂತೆ ಮಹಾಧಮನಿ ಪೆಡಸಾದಾಗ ಮೇಲಿನ ಬಿಪಿ ಏರಿ ಕೆಳಗಿನದು ಇಳಿಯುವುದು ಹೀಗೆ.

ಅಳತೆ. ನೀರಿನ ಕಂಬದಿಂದ ಮೇಲಿನ, ಕೆಳಗಿನ ಅಂಕಿ ಸಿಗುವುದಿಲ್ಲ. 100 ಮಿಮೀ ಪಾದರಸಕ್ಕೆ 136 ಸೆಂಮೀ ನೀರು ಬೇಕು, ಅಷ್ಟು ಉದ್ದದ ಕಂಬ ಒಮ್ಮೆ ತೂಗಿ ಬರಲು ಎರಡು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಸರಾಸರಿ ತೋರಿಸಲು ಅದು ಸಾಕು. ಬಡಿತಕ್ಕೆ ಡಯಲ್ ಬಿಪಿ ಯಂತ್ರದ ಗೇಜನ್ನು, ಮಧ್ಯೆ ಒಂದು ಗೇಣು ಗಾಳಿ ಬಿಟ್ಟು, ಬಾಟಲಿಗೆ ಆದಷ್ಟು ಹತ್ತಿರ ಜೋಡಿಸಿದೆ. ಗೇಜಿನೊಳಗೆ ಗ್ಲಿಸರಿನ್ ಹೋದರೆ ಮುಳ್ಳು ಅಂಟುತ್ತದೆ.

ಮುಂದೆ. ಹೊರಕವಾಟದ ಆಚೆಯಿಂದಲೇ ಒಂದು ಕವಲು, ಹೃದಯದ ಸ್ವಂತ ಅಪಧಮನಿಗೆಂದು. ಹೃದಯ ಹಿಂಡುವಾಗ ಎಡಗೋಡೆಯೊಳಗಿನ ನಾಳಗಳು ಅದುಮಿಹೋಗುವುದರಿಂದ ಅಲ್ಲಿಗೆ ಹೆಚ್ಚಿನ ರಕ್ತ ಹರಿಯುವುದು ಹೃದಯ ಸಡಿಲಾದಾಗ. ಅದನ್ನು ತೋರಿಸಲು, ಪಿಸ್ಟನ್ ಒತ್ತಿದಾಗಲೇ ಕವಲನ್ನು ಚಿವುಟುವ ಸನ್ನೆಕೋಲು ಬೇಕು. ಸನ್ನೆಕೋಲಿನ ಅಲುಗು ಸದ್ಯಕ್ಕೆ ಸಿಲಿಕೋನನ್ನು ಕತ್ತರಿಸುತ್ತಿದೆ. ಅಂಚು ಉರುಟಾದ 6 ಮಿಮೀ ಸರಳಿನಿಂದ ಮತ್ತೆ ಮಾಡಬೇಕು.